ಚದರಡಿ ರಾಯರು

ಜಯನಗರದ ನಮ್ಮ ಬೀದಿಯಲ್ಲಿ ಯಾರ ಮನೆ ಮಾರಾಟವಾಯಿತು, ಯಾರದು ಆಗಲಿದೆ, ಯಾರದು ಆಗಬೇಕಿತ್ತು ಆದರೆ ನಡುವಿನ ಮಗ ಒಪ್ಪಲಿಲ್ಲ ಎಂಬುದನ್ನೆಲ್ಲ ತಿಳಿಯಲು ಪತ್ರಿಕೆ ತರಿಸಬೇಕಾಗಿಲ್ಲ. ಬೆಳಿಗ್ಗೆ ಆರೂಕಾಲಿಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವ ನೆಪದಲ್ಲಿ ಗೇಟಿನ ಬಳಿ ಎರಡು ನಿಮಿಷ ನಿಂತರೆ ಸಾಕು. ಮಂಕಿ ಕ್ಯಾಪು, ತೋಳಿಲ್ಲದ ಸ್ವೆಟರು, ಬಿಳಿ ಕ್ಯಾನ್ವಾಸ್ ಷೂ ತೊಟ್ಟ ಚದರಡಿ ರಾಯರು ಬಂದೇ ಬರುತ್ತಾರೆ. ಡಾಕ್ಟರು ಅವರಿಗೆ ದಿನಕ್ಕೆ ನಲವತ್ತು ನಿಮಿಷ ಬಿರುಸಾಗಿ ನಡೆಯಲು ಹೇಳಿದ್ದಾರೆ. ರಾಯರು ಎರಡು ಗಂಟೆ ತಿರುಗುತ್ತಾರೆ. ಅದರಲ್ಲಿ ನಡೆಯುವುದು ನಲವತ್ತು ನಿಮಿಷ, ಮಿಕ್ಕದ್ದು ಗೇಟುಗಳ ಮುಂದೆ ನಿಲ್ಲುವುದು.

ತಂದೆತಾಯಿ ಇಟ್ಟ ಹೆಸರು ಅವರಿಗೆ ಬೇರೆಯೇ ಇದೆ. ಅದು ಈಗ ಅವರ ಪಿಂಚಣಿ ಪುಸ್ತಕಕ್ಕೆ ಮಾತ್ರ ಗೊತ್ತು. ಈ ಹೆಸರು ಬಂದದ್ದು ಒಂದು ಫ್ಲ್ಯಾಟಿನ ಗೃಹಪ್ರವೇಶದಲ್ಲಿ. ಸತ್ಯನಾರಾಯಣ ಪೂಜೆ ಮುಗಿದು ಎಲ್ಲರೂ ಮಂಗಳಾರತಿಗೆ ಕೈ ಚಾಚಿದ್ದರೆ ಇವರು ಗೋಡೆಗುಂಟ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹೆಜ್ಜೆ ಎಣಿಸುತ್ತಿದ್ದರು. ತೀರ್ಥ ತೆಗೆದುಕೊಳ್ಳುವ ಮುನ್ನವೇ ತೀರ್ಪು ಬಂತು: “ಹಾಲು ಒಂದರಲ್ಲೇ ಇಪ್ಪತ್ತೆರಡು ಚದರಡಿ ನುಂಗಿದಾನೆ ಬಿಲ್ಡರು.” ಮನೆಯೊಡೆಯರ ಬಾಯಲ್ಲಿದ್ದ ಸಪಾದ ಭಕ್ಷ್ಯ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅಂದಿನಿಂದ ಅವರು ಚದರಡಿ ರಾಯರು.

ಇಂಥವರು ನಮ್ಮ ಬೀದಿಯ ಆಸ್ತಿ ಮಾತ್ರ ಎಂದು ನಾವು ಹೆಮ್ಮೆ ಪಡುವಂತಿಲ್ಲ. 1898ರ ಪ್ಲೇಗಿನ ಬೆನ್ನಿಗೆ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲೂ ಇದ್ದಾರೆ, ನಿನ್ನೆ ಮೊನ್ನೆ ಗದ್ದೆಯಾಗಿದ್ದ ಬಡಾವಣೆಗಳಲ್ಲೂ ಇದ್ದಾರೆ. ಸೈಟು ಹಂಚುತ್ತಿದ್ದ ಸಿಐಟಿಬಿ ಹೋಗಿ 1976ರಲ್ಲಿ ಬಿಡಿಎ ಬಂತು, 2007ರಲ್ಲಿ ಬಿಬಿಎಂಪಿ ಬಂತು, 2025ರಲ್ಲಿ ಅದೂ ಹೋಗಿ ಐದು ಪಾಲಿಕೆಗಳಾದವು. ಕಚೇರಿಯ ಬೋರ್ಡು ಬದಲಾಯಿತೇ ಹೊರತು ರಾಯರ ಹುದ್ದೆ ಖಾಲಿ ಬೀಳಲಿಲ್ಲ.

ಅವರನ್ನು ಬ್ರೋಕರ್ ಎಂದಿರೋ, ಕೆಂಡಾಮಂಡಲ. “ಬ್ರೋಕರ್ ಎರಡೂ ಕಡೆ ಶೇಕಡ ಎರಡು ಕೇಳ್ತಾನೆ ಸ್ವಾಮಿ. ನಾನು ಯಾರ ಹತ್ರ ಏನು ಕೇಳಿದೀನಿ?” ನಿಜ, ಕೇಳುವುದಿಲ್ಲ. ಎರಡೂ ಕಡೆ ಒಂದೊಂದು ಲೋಟ ಕಾಫಿ ಕುಡಿಯುತ್ತಾರೆ, ಅಷ್ಟೇ. ಬೀದಿಯಲ್ಲಿ ಕೈ ಬದಲಾದ ಕೋಟಿಗಳನ್ನೂ ಅವರು ಕುಡಿದ ಕಾಫಿಯನ್ನೂ ಲೆಕ್ಕ ಹಾಕಿದರೆ ದೇಶದಲ್ಲೇ ಇಷ್ಟು ಅಗ್ಗದ ಸಲಹೆಗಾರರು ಸಿಗಲಾರರು.

ಕೋಟಿ ಎಂಬ ಮಾತನ್ನು ರಾಯರು ಬಾಯಲ್ಲಿ ಆಡುವುದೂ ಇಲ್ಲ. ಅದು ಅವರಿಗೆ ಚಿಲ್ಲರೆ. “ಮೂಲೆ ಮನೆ ಎಂಟೂವರೆಗೆ ಹೋಯ್ತು” ಎಂದರು ಒಮ್ಮೆ. ನಮ್ಮ ಮನೆಗೆ ಆಗಷ್ಟೇ ಊರಿಂದ ಬಂದಿದ್ದ ಸೋದರತ್ತೆ “ಅಯ್ಯೋ ಪಾಪ, ರಾತ್ರಿಯೋ ಬೆಳಿಗ್ಗೆಯೋ? ಎಷ್ಟು ವಯಸ್ಸಾಗಿತ್ತು?” ಎಂದು ಸೆರಗು ಕಣ್ಣಿಗೊತ್ತಿಕೊಂಡರು. ರಾಯರು ಗಂಭೀರವಾಗಿಯೇ ಉತ್ತರ ಕೊಟ್ಟರು: “ಐವತ್ತೆರಡು ವರ್ಷ ಅಮ್ಮ. ಆರ್‌ಸಿಸಿ ಅಲ್ಲ, ಮದ್ರಾಸ್ ತಾರಸಿ.”

ಪತ್ರಿಕೆಯನ್ನು ಅವರು ಹಿಂದಿನಿಂದ ಓದುತ್ತಾರೆ. ಮೊದಲು ನಿಧನ ವಾರ್ತೆ, ಆಮೇಲೆ ಸಾರ್ವಜನಿಕ ಪ್ರಕಟಣೆ. ನಡುವೆ ಇರುವ ದೇಶ, ವಿದೇಶ, ಕ್ರಿಕೆಟ್ಟು ಇವೆಲ್ಲ ಮನೆಯವರ ಪಾಲಿಗೆ. ಮೊದಲನೆಯ ಕಾಲಮ್ಮಿನಿಂದ ಎರಡನೆಯದಕ್ಕೆ ಬರಲು ಒಂದು ಮನೆಗೆ ಹದಿಮೂರು ತಿಂಗಳು ಬೇಕು ಎಂಬುದು ಅವರ ಸಿದ್ಧಾಂತ. ವರ್ಷಾಬ್ದಿಕ ಮುಗಿಯುವ ತನಕ ಮಕ್ಕಳು ನಾಚಿಕೆಗೆ ಸುಮ್ಮನಿರುತ್ತಾರೆ. ಮುಗಿದ ತಿಂಗಳಿಗೆ ವಕೀಲರ ಪ್ರಕಟಣೆ: ನಮ್ಮ ಕಕ್ಷಿದಾರರು ಈ ಕೆಳಕಂಡ ಷೆಡ್ಯೂಲ್ ಸ್ವತ್ತನ್ನು ಕೊಳ್ಳಲು ಇಚ್ಛಿಸಿದ್ದು, ಯಾರದಾದರೂ ತಕರಾರಿದ್ದಲ್ಲಿ ಇಷ್ಟು ದಿನದೊಳಗೆ ತಿಳಿಸತಕ್ಕದ್ದು. ಕೆಳಗೆ ಚಕ್ಕುಬಂದಿ. ಪೂರ್ವಕ್ಕೆ ಇಂಥ ನಂಬರಿನ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಕನ್ಸರ್‌ವೆನ್ಸಿ. ರಾಯರು ಇದನ್ನು ಓದಿ, ಕಣ್ಣು ಮುಚ್ಚಿ, ಆ ಮನೆಯ ಗೇಟಿನ ಬಣ್ಣ ಹೇಳಬಲ್ಲರು. ಗೇಟಿನ ಕೊಂಡಿ ಯಾವ ಕಡೆ ಮುರಿದಿದೆ ಎಂಬುದನ್ನೂ.

ಪ್ರಕಟಣೆ ಬರುವವರೆಗೆ ಕಾಯುವವರು ಸಾಮಾನ್ಯರು. ರಾಯರಿಗೆ ಲಕ್ಷಣಗಳು ಮೊದಲೇ ಕಾಣುತ್ತವೆ. ಎದುರು ಸಾಲಿನ ಮನೆಗೆ ಅಮೆರಿಕದ ಮಗ ಬಂದಿದ್ದಾನೆಂದು ನಾನು ಸಂತೋಷದಿಂದ ಹೇಳಿದೆ.

“ಹೆಂಡತಿ ಮಕ್ಕಳು ಬಂದಿದಾರಾ?”

“ಇಲ್ಲ, ಒಬ್ಬನೇ.”

“ಡಿಸೆಂಬರಿಗೆ ಬಂದ್ರೆ ರಜೆ. ಜೂನಿಗೆ ಬಂದ್ರೆ ಮಕ್ಕಳ ರಜೆ. ಸೆಪ್ಟೆಂಬರಿಗೆ ಒಬ್ಬನೇ ಬಂದ್ರೆ ಪಾಲು.”

“ಪಿತೃಪಕ್ಷಕ್ಕೆ ಬಂದಿರಬಹುದಲ್ಲ ರಾಯರೇ?”

“ಪಿತೃಪಕ್ಷಕ್ಕೆ ಬರೋನು ಅಳತೆ ಟೇಪ್ ಹಿಡ್ಕೊಂಡು ಬರಲ್ಲ ಕಣ್ರೀ.”

ಮತ್ತೆ ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. “ಮುಂದಿನ ಸಲ ಅವನು ಬರಲ್ಲ, ಅವನ ಪರವಾಗಿ ಸಹಿ ಹಾಕೋಕೆ ಜಿಪಿಎ ಪತ್ರ ಬರುತ್ತೆ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಬೇಕು ಅಂತ ಅವರಮ್ಮನಿಗೆ ಹೇಳಿಬಿಡಿ. ಆಮೇಲೆ ಪರದಾಡ್ತಾರೆ.” ನಾನು ಹೇಳಲಿಲ್ಲ. ಆಕೆ ಮಗನಿಗೆಂದು ಚಕ್ಕುಲಿ ಕರಿಯುತ್ತಿದ್ದರು, ವಾಸನೆ ಬೀದಿಗೆಲ್ಲ ಬರುತ್ತಿತ್ತು.

ಮನೆಗೆ ಬೆಲೆ ಕಟ್ಟುವಾಗ ರಾಯರಿಗೆ ಮನೆ ಕಾಣುವುದೇ ಇಲ್ಲ. ರೆಡ್ ಆಕ್ಸೈಡ್ ನೆಲ, ಮೂವತ್ತು ವರ್ಷ ಒರೆಸಿ ಒರೆಸಿ ಮುಖ ಕಾಣುವಂತಾದದ್ದು, ತೇಗದ ಬಾಗಿಲು, ಅಜ್ಜಿ ಮಲಗುತ್ತಿದ್ದ ನಡುಮನೆ, ಇವಕ್ಕೆಲ್ಲ ಅವರು ಸೊನ್ನೆ ಹಾಕುತ್ತಾರೆ. “ಮನೆಗೇನು ಬೆಲೆ ಇಲ್ಲಪ್ಪ, ಬೆಲೆ ಇರೋದು ಸೈಟಿಗೆ. ಬಾಗಿಲು ಕಿಟಕಿ ಕೆಡವೋನು ಒಯ್ತಾನೆ.” ನಲವತ್ತು ಅರವತ್ತು ಎಂದರೆ ಎರಡು ಸಾವಿರದ ನಾನೂರು ಚದರಡಿ, ಅಷ್ಟೇ ಮಾತು. ಮುಂದಿನದು ನಮಗೂ ಬಾಯಿಪಾಠ: ಹಳೆಯ ಮನೆಯ ಸುತ್ತ ಹಸಿರು ಬಲೆ, ನೀರಿನ ಟ್ಯಾಂಕರು, ಫುಟ್‌ಪಾತಿನ ಮೇಲೆ ಜಲ್ಲಿ, ಆಮೇಲೆ ಕೆಳಗೆ ಕಾರು ನಿಲ್ಲಿಸಲು ಜಾಗ, ಮೇಲೆ ನಾಲ್ಕು ಅಂತಸ್ತು. ಒಂದು ಕುಟುಂಬವಿದ್ದ ಕಡೆ ಎಂಟು ಕುಟುಂಬ ಬರುತ್ತದೆ. ಗಿಡಮರದ ಚಿಂತೆ ನಮ್ಮದು. ರಾಯರು ಮಾತ್ರ ಇನ್ನೆಂಟು ಗೇಟಿನ ಸುದ್ದಿ ಒಂದೇ ಗೇಟಿನಲ್ಲಿ ಸಿಗುತ್ತದೆಂದು ಖುಷಿಯಾಗಿದ್ದಾರೆ.

ಇಷ್ಟೆಲ್ಲ ಬಲ್ಲವರು ಸ್ವಂತಕ್ಕೆ ಎಷ್ಟು ಮಾಡಿದ್ದಾರೆಂದು ಕೇಳಬಾರದು. ಅವರ ಮನೆಯವರ ಎದುರಿಗಂತೂ ಕೇಳಲೇಬಾರದು. ರಾಯರಿಗೆ ಹರೆಯದಲ್ಲಿ ಕೋರಮಂಗಲದ ಕಡೆ ಒಂದು ಸೈಟು ಕೊಳ್ಳುವ ಅವಕಾಶ ಬಂದಿತ್ತು. ಅದೇ ವೇಳೆಗೆ, ವರ್ಷಗಟ್ಟಲೆ ಸರದಿಯಲ್ಲಿದ್ದ ಬಜಾಜ್ ಸ್ಕೂಟರೂ ಬಂತು. ಕೈಯಲ್ಲಿದ್ದ ದುಡ್ಡು ಒಂದಕ್ಕೆ ಮಾತ್ರ ಸಾಕು. “ಆ ಕಡೆ ಆಗ ನರಿ ಊಳಿಡ್ತಿತ್ತು ಸ್ವಾಮಿ! ಯಾರು ಹೋಗ್ತಾರೆ?” ಬೆಂಗಳೂರಿನ ಹಳಬರಲ್ಲಿ ಈ ನರಿಯ ಕೂಗು ಕೇಳದವರೇ ಇಲ್ಲ. ಯಾರ ತಾತ ಯಾವ ಬಡಾವಣೆಯ ಸೈಟು ಬಿಟ್ಟರೂ ಕಾರಣ ಅದೇ ನರಿ. ಊರಿನ ಅರ್ಧ ಜಮೀನು ಅದು ಊಳಿಟ್ಟೇ ಉಳಿಸಿಕೊಂಡಿತ್ತು. ಸ್ಕೂಟರು ಈಗಲೂ ರಾಯರ ಮನೆಯ ಪಕ್ಕದ ಓಣಿಯಲ್ಲಿ ನೀಲಿ ಟಾರ್ಪಾಲಿನ ಕೆಳಗಿದೆ. ಯಾರಾದರೂ ಗುಜರಿಗೆ ಹಾಕಿ ಎಂದರೆ ಅವರ ಮನೆಯವರು ಒಳಗಿನಿಂದಲೇ ಹೇಳುತ್ತಾರೆ: “ಹುಷಾರಾಗಿ ಮುಟ್ಟಿ, ಅದು ಹನ್ನೆರಡು ಕೋಟಿ ಸ್ಕೂಟರು.”

ಸಾವಿನ ಮನೆಯಲ್ಲಿ ರಾಯರನ್ನು ಕಂಡರೆ ಜನಕ್ಕೆ ಮೈಯುರಿ. ಒಂದು ವೈಕುಂಠ ಸಮಾರಾಧನೆಯಲ್ಲಿ ಎಲೆ ಮುಂದೆ ಕುಳಿತವರೇ ಹಿರಿಯ ಮಗನನ್ನು ಕೇಳಿದರು: “ತಂದೆಯವರು ಪುಣ್ಯಾತ್ಮರು. ಖಾತೆ ಯಾರ ಹೆಸರಲ್ಲಿದೆ?” ಬಡಿಸುತ್ತಿದ್ದವನ ಕೈಯಲ್ಲಿ ಸೌಟು ನಿಂತಿತು. “ಉಯಿಲು ಬರೆದಿದ್ರಾ? ರಿಜಿಸ್ಟರ್ ಆಗಿದೆಯಾ? ಇ-ಖಾತೆ ಮಾಡಿಸಿದೀರಾ? 2024ರ ಅಕ್ಟೋಬರಿನಿಂದ ಅದಿಲ್ಲದೆ ರಿಜಿಸ್ಟ್ರೇಷನ್ ಇಲ್ಲ.” ಮಗ “ಊಟ ಮಾಡಿ ರಾಯರೇ” ಎಂದು ಹಲ್ಲು ಕಚ್ಚಿದ.

ಅದೇ ಊಟದ ಮನೆಯಲ್ಲಿ ಇನ್ನೊಂದು ನಡೆಯಿತು. ಆ ಮನೆಯ ಕಿರಿಯ ಮಗಳು ಶಿವಮೊಗ್ಗದಿಂದ ಬಂದಿದ್ದಳು. ಮಾರನೆಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಣ್ಣಂದಿರು ಕರೆದೊಯ್ಯುವರೆಂದೂ, “ಏನೋ ಒಂದು ಸಹಿಯಂತೆ” ಎಂದೂ ಪಕ್ಕದವರಿಗೆ ಹೇಳುತ್ತಿದ್ದಳು. ಕೈ ತೊಳೆಯಲು ಎದ್ದ ರಾಯರು ಅವಳ ಎಲೆಯ ಮುಂದೆ ನಿಂತರು. “ಇನ್ನೊಂದು ಹೋಳಿಗೆ ಹಾಕಿಸ್ಕೊಳಮ್ಮ. ಸಹಿ ಮಾತ್ರ ಓದದೆ ಹಾಕಬೇಡ. ಹಕ್ಕು ಖುಲಾಸೆ ಪತ್ರ ಅಂತ ಇರುತ್ತೆ, ಹಾಕಿದ್ರೆ ಪಾಲು ಹೋಯ್ತು. ನಮ್ಮ ರಾಜ್ಯದಲ್ಲಿ 1994ಕ್ಕೇ ಹೆಣ್ಣುಮಕ್ಕಳಿಗೆ ಪಾಲು ತಂದ್ರು, ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟಿದ್ರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ತಡೆನೂ ಹೋಯ್ತು. ತುಪ್ಪ ಹಾಕೋ, ತುಪ್ಪ!” ಆಮೇಲೆ ಅಣ್ಣಂದಿರು ಎರಡು ತಿಂಗಳು ರಾಯರನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಮೂರನೆಯ ತಿಂಗಳು ಋಣಭಾರ ಪತ್ರದಲ್ಲಿ ಏನೋ ತೊಡಕು ಬಂತು. ದಾಟಿದ ರಸ್ತೆಯನ್ನು ಮತ್ತೆ ದಾಟಿ ಬಂದು ಅವರ ಗೇಟು ಬಡಿದರು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಬೀಗ ಹಾಕಿದ ಮನೆಯಿದೆ. ಅದರ ಕಾಂಪೌಂಡಿನ ಮೇಲೆ ಕೆಂಪಕ್ಷರದಲ್ಲಿ “ಈ ಸ್ವತ್ತು ಮಾರಾಟಕ್ಕಿಲ್ಲ” ಎಂದು ಬರೆಸಿದವರೂ ರಾಯರೇ. ಖೊಟ್ಟಿ ಕಾಗದ ಸೃಷ್ಟಿಸಿ ಬೇರೆಯವರ ಮನೆಯನ್ನು ಮಾರುವ ಗಿರಾಕಿಗಳು ಊರಲ್ಲಿ ಇರುವುದರಿಂದ ಅದು ಜಾಣತನವೇ. ಆದರೆ ಆ ಬರಹ ಬಿದ್ದ ವಾರದಿಂದ ಕೊಳ್ಳುವವರು ಹೆಚ್ಚಾದರು. ರಾಯರಿಗೆ ಆಶ್ಚರ್ಯವಿಲ್ಲ. “ಮಾರಾಟಕ್ಕಿಲ್ಲ ಅಂದ್ರೆ ಏನರ್ಥ? ರೇಟು ಇನ್ನೂ ಸರಿಹೋಗಿಲ್ಲ ಅಂತ.”

ಇದೆಲ್ಲ ಬೇರೆಯವರ ಮನೆಯ ಮಾತಾಗಿದ್ದಷ್ಟು ದಿನ ನಾನು ರಾಯರ ವಿಷಯ ಹೇಳಿಕೊಂಡು ನಗುತ್ತಿದ್ದೆ. ಈಚೆಗೆ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸಲು ಹೊರಟೆ. ಪೇಂಟರು ಏಣಿ ಇಳಿಸಿದ್ದು ಸೋಮವಾರ. ಮಂಗಳವಾರ ಇಬ್ಬರು ಬ್ರೋಕರು ಬಂದು, ಪಾರ್ಟಿ ರೆಡಿ ಇದೆ, ಕಾಗದ ಪತ್ರದ ಜೆರಾಕ್ಸ್ ಕೊಡಿ ಎಂದರು. ಬುಧವಾರ ಕೆಲಸದವಳು, ಹೊಸಬರು ಬಂದರೆ ನನ್ನನ್ನೇ ಇಟ್ಟುಕೊಳ್ಳಲು ಹೇಳಿ ಅಕ್ಕ ಎಂದು ನನ್ನ ಹೆಂಡತಿಯ ಬಳಿ ಕಣ್ಣೀರಿಟ್ಟಳು. ಗುರುವಾರ ಮೈಸೂರಿನಿಂದ ಬಾಮೈದ ಫೋನು ಮಾಡಿದ: “ಭಾವ, ಮಾರೋದು ನಿಮ್ಮಿಷ್ಟ. ಆದ್ರೆ ನನಗೊಂದು ಮಾತು ಹೇಳಬಾರದಿತ್ತಾ?”

ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಹೋಗಿ ರಾಯರನ್ನು ಹಿಡಿದಳು. “ಏನು ರಾಯರೇ, ನಮ್ಮನೆ ಮಾರಾಟಕ್ಕಿದೆ ಅಂತ ಸಾರ್ತಾ ಇದೀರಂತೆ?”

“ನಾನೆಲ್ಲಿ ಸಾರಿದೆ ತಾಯಿ? ಹಬ್ಬ ಇಲ್ಲ, ಮದುವೆ ಇಲ್ಲ, ಏಕಾಏಕಿ ಬಣ್ಣ ಹೊಡೆಸ್ತಿದೀರಿ. ಜನ ಕೇಳಿದ್ರು, ಎಷ್ಟಾಗಬಹುದು ಅಂತ. ಆರು ಅಂದೆ. ಅಷ್ಟೇ.”

“ಆರಾ?” ಎಂದಳು ನನ್ನ ಹೆಂಡತಿ. ಆ ದನಿಯಲ್ಲಿ ಸುಳ್ಳು ಸುದ್ದಿಯ ಮೇಲಿನ ಸಿಟ್ಟು ಇರಲಿಲ್ಲ. “ಹಿಂದಿನ ಬೀದಿಯಲ್ಲಿ ಮೂಲೆಯೂ ಅಲ್ಲ ಏನೂ ಅಲ್ಲ, ಆರೂ ಮುಕ್ಕಾಲು ಬಂತಲ್ಲ?”

“ಅದು ಪೂರ್ವದ ಬಾಗಿಲು ತಾಯಿ. ನಿಮ್ಮದು ಪಶ್ಚಿಮ, ಎದುರಿಗೆ ಟ್ರಾನ್ಸ್‌ಫಾರ್ಮರು.”

ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಪೇಂಟರಿಗೆ ಕೊಟ್ಟು ಬಂದೆ. ಟ್ರಾನ್ಸ್‌ಫಾರ್ಮರು ಎದುರಿಗಲ್ಲ, ಓರೆಗಿದೆ ಎಂದೆ. ಕಾವೇರಿ ನೀರು ದಿನ ಬಿಟ್ಟು ದಿನ ತಪ್ಪದೆ ಬರುತ್ತದೆ ಎಂದೆ. 2017ರಿಂದ ಹಸಿರು ಮೆಟ್ರೊ ಇದೆ, 2025ರಲ್ಲಿ ಆರ್.ವಿ. ರಸ್ತೆಯಿಂದ ಹಳದಿಯೂ ಬಂತು, ಬೊಮ್ಮಸಂದ್ರಕ್ಕೆ ಹೋಗುವ ಸಾಫ್ಟ್‌ವೇರಿನವರು ಇಲ್ಲಿ ಮನೆಗೆ ಹುಡುಕುತ್ತಿದ್ದಾರೆ ಎಂದೆ. ಇಷ್ಟೆಲ್ಲ ನನಗೆ ಯಾವಾಗ ಗೊತ್ತಾಯಿತೆಂದು ನನ್ನ ಹೆಂಡತಿ ನನ್ನನ್ನೇ ನೋಡಿ, ಒಳಗೆ ಹೋಗಿ ರಾಯರಿಗೆ ಕಾಫಿ ತಂದಳು. ಅದು ಸಾಲದೆಂದು ಹಿಂದಿನ ತೆಂಗಿನ ಮರವನ್ನೂ ಲೆಕ್ಕಕ್ಕೆ ಸೇರಿಸಿದಳು. ರಾಯರು ತೆಂಗಿನ ಮರಕ್ಕೆ ಸೊನ್ನೆ ಎಂದರು. ಹಾಗಾದರೆ ಕಾಫಿಗೂ ಸೊನ್ನೆ ಎಂದಳು.

ಎರಡನೆಯ ಲೋಟದ ಹೊತ್ತಿಗೆ ಆರೂವರೆಗೆ ಒಪ್ಪಿದರು. “ಕೊಳ್ಳೋನಿಗೆ ಛಾಪಾ, ಸೆಸ್ಸು ಎಲ್ಲ ಸೇರಿ ಶೇಕಡ 7.6 ಬೀಳುತ್ತೆ ನೋಡಿ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಒಂದರಿಂದ ಎರಡಕ್ಕೆ ಏರಿಸಿದ್ರಲ್ಲ, ಅದಕ್ಕೇ ಎಳೆದಾಡ್ತಾರೆ. ಇಲ್ದಿದ್ರೆ ಏಳು ಅಂತಿದ್ದೆ.” ಮಾರದ ಮನೆಗೆ, ಇಲ್ಲದ ಕೊಳ್ಳುವವನ ಮೇಲೆ ನಾವು ಮೂವರೂ ಸೇರಿ ಮರುಕಪಟ್ಟೆವು. ಕೊನೆಗೆ ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: “ಏಳಕ್ಕೆ ಒಂದು ಪೈಸೆ ಕಡಿಮೆಯಾದ್ರೂ ನಾವು ಕೊಡಲ್ಲ.”

ಮಾರನೆಯ ಬೆಳಿಗ್ಗೆ ಪಾರ್ಕಿನಲ್ಲಿ ಜನ ನನಗೆ ದಾರಿ ಬಿಟ್ಟು ನಡೆದರು. ಹತ್ತು ವರ್ಷದಿಂದ ಬರೀ ತಲೆ ಆಡಿಸುತ್ತಿದ್ದ ಒಬ್ಬರು ನಿಂತು ಕೈ ಕುಲುಕಿದರು. “ಬಂದ ಪಾರ್ಟಿ ಏಳು ಎಣಿಸಿ ಕೊಡ್ತೀನಿ ಅಂದ್ರೂ ಬೇಡ ಅಂದ್ರಂತೆ! ಭಲೇ.” ನಾನು ಅಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ, ಎದೆ ಮಾತ್ರ ಸ್ವಲ್ಪ ಮುಂದೆ ಮಾಡಿ ನಡೆದೆ. ಸಂಜೆ ದೇವಸ್ಥಾನದ ಸಮಿತಿಯವರು ರಸೀತಿ ಪುಸ್ತಕ ಹಿಡಿದು ಬಂದರು. ಪ್ರತಿ ವರ್ಷ ಐನೂರ ಒಂದು ಬರೆದುಕೊಳ್ಳುತ್ತಿದ್ದವರು ಈ ಸಲ ಕೇಳದೆಯೇ ಐದು ಸಾವಿರದ ಒಂದು ಬರೆದಿದ್ದರು. ನನ್ನ ಹೆಂಡತಿ ಮರುಮಾತಿಲ್ಲದೆ ಕೊಟ್ಟಳು. ಬಾಗಿಲು ಹಾಕಿಕೊಂಡು ಬಂದು, “ಏಳರ ಮನೆಯವರು ಐನೂರು ಕೊಟ್ರೆ ಚೆನ್ನಾಗಿರುತ್ತಾ?” ಎಂದು ನನ್ನನ್ನೇ ಕೇಳಿದಳು.