ಹೆಬ್ಬಾಳದ ನೀರು ಬಂತು, ಡಾಕ್ಟರು ಎಲ್ಲಿ?

ಪಶುಸಂಗೋಪನೆಯನ್ನೂ ಪಶುವೈದ್ಯ ಶಿಕ್ಷಣವನ್ನೂ ಹೆಗಲ ಮೇಲೆ ಹೊತ್ತು ದಣಿದಿರುವ ಮಹನೀಯರಿಗೆ, ಜಂಗಮಕೋಟೆ ಹೋಬಳಿಯಿಂದ ಒಬ್ಬ ಹಾಲಿನವನ ನಮಸ್ಕಾರಗಳು.

ನಿದ್ದೆಗೆಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೊನ್ನೆ ಕರು ಹಾಕಿದ ನಮ್ಮ ಸೀಮೆಹಸು ನಿನ್ನೆ ರಾತ್ರಿ ಕುಸಿದು ಕೂತಿತು. ಕಿವಿ ತಣ್ಣಗೆ, ಕತ್ತು ಪಕ್ಕೆಗೆ ವಾಲಿದೆ. ಹಸು ಕಟ್ಟಿದವರಿಗೆ ಇದೇನೆಂದು ಹೇಳಿಕೊಡಬೇಕಿಲ್ಲ. ಗಿಣ್ಣುಹಾಲಿನ ಜೊತೆ ರಕ್ತದಲ್ಲಿದ್ದ ಕ್ಯಾಲ್ಸಿಯಂ ಕೆಚ್ಚಲಿಗೆ ಇಳಿದುಹೋಗಿದೆ. ರಕ್ತನಾಳಕ್ಕೆ ನಿಧಾನವಾಗಿ ಬಾಟ್ಲಿ ಹಾಕಿದರೆ ಎಷ್ಟೋ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ಮೇವಿಗೆ ಬಾಯಿ ಹಾಕುತ್ತವೆ. ಅವಸರಕ್ಕೆ ಬಿದ್ದು ಹಾಕಿದರೆ ಎದೆಬಡಿತವೇ ನಿಲ್ಲಬಹುದು. ಹಾಕದೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಕಾಲಿನ ನರ, ಮಾಂಸಖಂಡ ಜಜ್ಜಿಕೊಂಡು, ಆಮೇಲೆ ಎಷ್ಟು ಬಾಟ್ಲಿ ಸುರಿದರೂ ಏಳುವುದಿಲ್ಲ. ಬೇಕಾದದ್ದು ಇಷ್ಟೇ: ಒಂದು ಬಾಟ್ಲಿ, ಅದನ್ನು ಹಾಕಬಲ್ಲ ಒಬ್ಬ ಡಾಕ್ಟರು.

ಬಾಟ್ಲಿ ಸಿಕ್ಕಿತು.

ಪಶು ಆಸ್ಪತ್ರೆಯ ಬಾಗಿಲ ಮುಂದೆ ಬೆಳಗ್ಗೆಯಿಂದ ಕೂತೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಬೀಗಗಳೆಲ್ಲ ಒಂದೇ ಥರ ಇರುತ್ತವೆ. ಹೊತ್ತೇರಿದ ಮೇಲೆ ಬಂದ ಸಿಬ್ಬಂದಿ, "ಡಾಕ್ಟರಿಗೆ ಇನ್ನೆರಡು ಕಡೆ ಇನ್‌ಚಾರ್ಜ್ ಅಣ್ಣ, ಇವತ್ತು ಮೀಟಿಂಗ್ ಬೇರೆ" ಅಂದ. ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಮೂರು ಆಸ್ಪತ್ರೆಗೆ ಒಂದೇ ಜೀವ ಹಂಚಿದ ನಿಮ್ಮ ಲೆಕ್ಕದ ಮೇಲೆ ಸಿಟ್ಟು.

"ಹೆಬ್ಬಾಳಕ್ಕೆ ಎತ್ಕೊಂಡೋಗಣ್ಣ, ಅಲ್ಲಿ ದೊಡ್ಡ ಆಸ್ಪತ್ರೆ ಐತೆ" ಎಂದು ಪಕ್ಕದ ಮನೆಯವನ ಸಲಹೆ. ಇದೆ, ಯಾರು ಇಲ್ಲ ಅಂದರು? 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು, ಓದುವ ಹುಡುಗರು ಕಲಿಯಲೆಂದೇ ಇರುವ ಆಸ್ಪತ್ರೆ. ಆದರೆ ಎದ್ದು ನಿಲ್ಲಲಾರದ, ನಾಲ್ಕೈದು ಕ್ವಿಂಟಾಲ್ ತೂಗುವ ಹಸುವನ್ನು ಟಾಟಾ ಏಸ್‌ಗೆ ಏರಿಸಿ, ವಿಜಯಪುರ, ದೇವನಹಳ್ಳಿ ದಾಟಿ, ಏರ್‌ಪೋರ್ಟ್ ರಸ್ತೆಯ ಟೋಲ್ ಕಟ್ಟಿ, ಫ್ಲೈಓವರ್ ಜಾಮಿನಲ್ಲಿ ನಿಲ್ಲಿಸುವುದು ಹೇಗೆ? ನಗರದ ನಾಯಿಮರಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಡಾಕ್ಟರ ಹತ್ತಿರ ಹೋಗುತ್ತದೆ, ಸಂತೋಷ, ಅದಕ್ಕೂ ಜೀವವಿದೆ. ನಮ್ಮ ರೋಗಿ ಸೀಟ್ ಬೆಲ್ಟ್ ಹಾಕಿಕೊಳ್ಳುವುದಿಲ್ಲ ಸ್ವಾಮಿ.

ಇಷ್ಟಕ್ಕೂ ಹೆಬ್ಬಾಳ ನಮಗೆ ದೂರದ ನೆಂಟರೇನಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ಎರಡು ಹಂತ ಶುದ್ಧವಾಗಿ, ಪೈಪಿನಲ್ಲಿ ಗುಡ್ಡ ಹತ್ತಿ, ನಮ್ಮ ಸೀಮೆಯ ಕೆರೆಗಳಿಗೆ ಬಂದು ಬೀಳುತ್ತದೆ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಎಂದು ನಮ್ಮವರು ಕೂಗಿ ಕೂಗಿ ಗಂಟಲು ಕಟ್ಟಿತು. ರಾಜಧಾನಿ ಸ್ನಾನ ಮಾಡಿದ ನೀರು ಏರು ಹತ್ತಿ ಬರಬಲ್ಲದು, ರಾಜಧಾನಿಯಲ್ಲಿ ಓದಿದ ಡಾಕ್ಟರು ಡಾಂಬರು ರಸ್ತೆಯಲ್ಲಿ ಬರಲಾರರು. ಅದೇ ಪೈಪಿನಲ್ಲಿ ಒಬ್ಬರನ್ನು ಬಿಟ್ಟುಬಿಡಿ, ಎರಡು ಹಂತ ಶುದ್ಧವಾಗಿದ್ದರೆ ಸಾಕು, ಮೂರನೆಯದನ್ನು ನಾವೇ ನೋಡಿಕೊಳ್ಳುತ್ತೇವೆ.

ನಮ್ಮ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆಯಿದೆ. ಅದನ್ನು ಚುಚ್ಚಲು ಮಾತ್ರ ಜನ ತಪ್ಪದೆ ಬಂದಿದ್ದರು. ಡೈರಿಯಲ್ಲಿ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ ಎಂಬ ಘನಾಂಶ ಒಂದು ಚೂರು ಇಳಿದರೆ ಯಂತ್ರ ಆ ಕ್ಷಣವೇ ಹಿಡಿಯುತ್ತದೆ. ಹಸು ಸತ್ತರೆ ವಿಮೆಯ ಹಣಕ್ಕೆ ಪಶುವೈದ್ಯರೇ ಮರಣೋತ್ತರ ಪರೀಕ್ಷೆಯ ವರದಿ ಬರೆಯಬೇಕು. ಎಂಥ ಏರ್ಪಾಡು ನೋಡಿ! ಬದುಕಿದ್ದಾಗ ಡಾಕ್ಟರು ಬಂದರೂ ಸರಿ, ಬಾರದಿದ್ದರೂ ಸರಿ. ಸತ್ತ ಮೇಲೆ ಬರಲೇಬೇಕು. ಲಕ್ಷದ ಹತ್ತಿರ ಬೆಲೆಬಾಳುವ ಹಸುವನ್ನು ಸಾಲ ಮಾಡಿ ತಂದವನಿಗೆ ಈ ತಮಾಷೆಯಲ್ಲಿ ನಗು ಬರುವುದಿಲ್ಲ.

ರಾತ್ರಿಯಿಡೀ ನಾನೂ ನನ್ನ ಹೆಂಡತಿಯೂ ಗೋಣಿಚೀಲ ಒತ್ತುಕೊಟ್ಟು ಹಸುವನ್ನು ಮಗ್ಗುಲು ಬದಲಿಸಿದೆವು. ಮಧ್ಯಾಹ್ನ ಡಾಕ್ಟರು ಬಂದರು, ಊಟ ಮಾಡಿರಲಿಲ್ಲ ಪಾಪ. ಬಾಟ್ಲಿ ಹಾಕಿದರು. ಹಸು ಕತ್ತೆತ್ತಿತು, ಇನ್ನೂ ನಿಂತಿಲ್ಲ.

ಈಗ ವ್ಯಂಗ್ಯ ಬಿಟ್ಟು ಹೇಳುತ್ತೇನೆ. ಪಶುವೈದ್ಯ ಪದವಿ ಐದೂವರೆ ವರ್ಷದ್ದು, ಅದರಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಹಳ್ಳಿಗೆ ಹೋಗಿ ಚಿಕಿತ್ಸೆ ಮಾಡುವ ಸಂಚಾರಿ ಕ್ಲಿನಿಕ್ ಎಂಬುದು ಆ ಓದಿನೊಳಗೇ ಇದೆ. ಹಾಗಿದ್ದ ಮೇಲೆ ರೋಗಿಯನ್ನು ಕಾಲೇಜಿಗೆ ಎಳೆಯುವುದೇಕೆ, ಕಾಲೇಜನ್ನೇ ರೋಗಿಯ ಹತ್ತಿರ ಕಳಿಸಿ. ಕುಸಿದ ಹಸು, ಕೆಚ್ಚಲು ಬಾವು, ಮೊಳೆ ನುಂಗಿದ ಎಮ್ಮೆ, ಅಡ್ಡ ಸಿಕ್ಕಿಕೊಂಡ ಕರು, ಎಲ್ಲವೂ ಇಲ್ಲಿವೆ. ಹಾಲು ಕರೆದು, ರೇಷ್ಮೆಗೂಡು ಬಿಡಿಸಿ ಬದುಕುವ ಹೋಬಳಿ ಇದು, ಮಕ್ಕಳಿಗೆ ಪಾಠಕ್ಕೆ ಕೊರತೆಯಾಗುವುದಿಲ್ಲ. ಬರುವ ಹುಡುಗ ಹುಡುಗಿಯರಿಗೆ ಊಟ, ಮಜ್ಜಿಗೆ ನಮ್ಮದು. ಒಂದು ವ್ಯಾನು, ಒಬ್ಬ ಪ್ರಾಧ್ಯಾಪಕರು, ನಾಲ್ಕು ಮಂದಿ ಇಂಟರ್ನ್‌ಗಳು ವಾರಕ್ಕೆರಡು ದಿನ ಜಂಗಮಕೋಟೆ ಕ್ರಾಸಿಗೆ ಬರಲಿ, ರಾತ್ರಿ ಕರೆದರೆ ಎತ್ತುವ ಒಂದು ಫೋನು ಇರಲಿ. ಬೀಗ ಬಿದ್ದ ಆಸ್ಪತ್ರೆಗಳಿಗೆ ಒಬ್ಬೊಬ್ಬ ಪೂರ್ಣಾವಧಿ ಡಾಕ್ಟರನ್ನು ಕೊಡಿ. ಕೇಳುತ್ತಿರುವುದು ಇಷ್ಟನ್ನೇ, ಇದಕ್ಕೆ ಹೊಸ ಪೈಪು ಎಳೆಯಬೇಕಾಗಿಲ್ಲ.