ದೋಸೆ ಹಿಟ್ಟಿಗೆ ನಾಲ್ಕು ಗಿಗಾಹರ್ಟ್ಸ್

ಟಿವಿಎಸ್ 50 ಮೊಪೆಡ್ 1980ರಲ್ಲಿ ನಮ್ಮ ಹೊಸೂರಿನಲ್ಲೇ ಹುಟ್ಟಿತು. ಇಬ್ಬರು ಕೂರಲಿ ಅಂತ ಮಾಡಿದ ಗಾಡಿ. ಅದರ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಕಾಲ ಹತ್ತಿರ ಒಂದು ಮೂಟೆ ಎಲೆಕೋಸು, ಹಿಂದೆ ಇನ್ನೊಂದು ಮೂಟೆ, ಹೀಗೆ ತಳಿ ಕಡೆಯಿಂದ ಸಂತೆಗೆ ಬರುವವರನ್ನು ನೋಡುತ್ತಲೇ ಬೆಳೆದವನು ನಾನು. ಕಂಪನಿಯವರು ಬರೆದ ಮಿತಿಗೆ ನಮ್ಮ ಸೀಮೆಯಲ್ಲಿ ಸಲಹೆಯಷ್ಟೇ ಬೆಲೆ. ಹಾಗಿರುವಾಗ ಕಂಪ್ಯೂಟರಿನ ಪ್ರೊಸೆಸರ್ ಡಬ್ಬಿಯ ಮೇಲೆ 3.4 ಗಿಗಾಹರ್ಟ್ಸ್ ಅಂತ ಬರೆದಿದ್ದರೆ ಅಷ್ಟಕ್ಕೇ ಸುಮ್ಮನಿರಲು ಆಗುತ್ತದೆಯೇ?

ನನ್ನದು ಎಎಂಡಿಯವರ ರೈಜನ್ 5 2600, 2018ರ ಮಾಲು. ಆರು ಕೋರ್, 65 ವಾಟ್. ಆರೂ ಕೋರ್ ಒಟ್ಟಿಗೆ ದುಡಿಯುವಾಗ ತಾನಾಗಿಯೇ 3.7ರ ಆಸುಪಾಸಿನಲ್ಲಿ ಓಡಿಕೊಂಡಿತ್ತು, ಪಾಪ. ಇಂಟೆಲ್‌ನವರು ಹೆಸರಿನ ಕೊನೆಗೆ ಕೆ ಅಕ್ಷರ ಇರುವಂಥ ಕೆಲವು ಚಿಪ್‌ಗಳಿಗೆ ಮಾತ್ರ, ಅದೂ ಹೆಚ್ಚು ಕಾಸಿಗೆ, ಬೀಗ ತೆಗೆದು ಕೊಡುತ್ತಾರೆ. ಈ ರೈಜನ್‌ಗೆ ಬೀಗವೇ ಇಲ್ಲ. ಬಯಾಸ್‌ಗೆ ಹೋಗಿ ಗುಣಕವನ್ನು 40 ಮಾಡಿದರಾಯಿತು. 100 ಮೆಗಾಹರ್ಟ್ಸ್‌ನ ನಲವತ್ತು ಪಟ್ಟು, ನಾಲ್ಕು ಗಿಗಾಹರ್ಟ್ಸ್. ನಾಲ್ಕೇ ಯಾಕೆ ಅಂದರೆ ಅದಕ್ಕೊಂದು ಚರಿತ್ರೆ ಇದೆ. 2004ರಲ್ಲಿ ಇಂಟೆಲ್ ತಾನು ಮಾತು ಕೊಟ್ಟಿದ್ದ 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನು ಕೈಬಿಟ್ಟಾಗ ಅದರ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ತುಂಬಿದ ಸಭೆಯಲ್ಲಿ ಮೊಣಕಾಲೂರಿ ಕ್ಷಮೆ ಕೇಳಿದ್ದರು. ಅವರನ್ನು ಮಂಡಿಯೂರಿಸಿದ ಸಂಖ್ಯೆಯನ್ನು ನಾನು ಲುಂಗಿ ಉಟ್ಟು, ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಗೆಲ್ಲಬೇಕಿತ್ತು.

ಲಾಭದ ಲೆಕ್ಕ ಹೇಳಲು ಸ್ವಲ್ಪ ಸಂಕೋಚ. 3.7ರಿಂದ 4ಕ್ಕೆ ಅಂದರೆ ನೂರಕ್ಕೆ ಎಂಟರಷ್ಟು ವೇಗ. ಅದಕ್ಕಾಗಿ ವೋಲ್ಟೇಜನ್ನು 1.2ರಿಂದ 1.35ಕ್ಕೆ ಏರಿಸಬೇಕಾಯಿತು. ಚಿಪ್ ಕುಡಿಯುವ ವಿದ್ಯುತ್ತು ವೇಗದ ಜೊತೆ ಏರುವುದಲ್ಲದೆ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಕೂಡಿಸಿ ನೋಡಿದರೆ ಬಿಸಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಒಂದು ಗಂಟೆ ಹಿಡಿಯುವ ಮದುವೆ ವಿಡಿಯೋ ಕೆಲಸ ಐವತ್ತೈದೂವರೆ ನಿಮಿಷಕ್ಕೆ ಮುಗಿಯುತ್ತದೆ. ಉಳಿದ ನಾಲ್ಕೂವರೆ ನಿಮಿಷದಲ್ಲಿ ನಾನು ಉಷ್ಣಾಂಶದ ಅಂಕಿಯನ್ನು ನೋಡುತ್ತ ಕೂರುತ್ತಿದ್ದೆ. ಸುಖವೆಲ್ಲ ಅದರಲ್ಲೇ ಇತ್ತು ಅನ್ನಿ.

ಇನ್ನು ಪರೀಕ್ಷೆ. ವೇಗ ಏರಿಸಿದ ಮೇಲೆ ಚಿಪ್ ತಪ್ಪಿಲ್ಲದೆ ಲೆಕ್ಕ ಮಾಡುತ್ತದೋ ಇಲ್ಲವೋ ಅಂತ ಪ್ರೈಮ್95 ಓಡಿಸಬೇಕು. ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಶುರುವಾದ ಯೋಜನೆಯ ತಂತ್ರಾಂಶ ಅದು. ಡಿಸೆಂಬರ್ ಚಳಿಯ ರಾತ್ರಿ ಅದನ್ನು ಹಚ್ಚಿದೆ. ಫ್ಯಾನ್ ಬೊಬ್ಬೆ ಹೊಡೆಯಿತು. ಅಮ್ಮ ಎದ್ದು ಬಂದರು.

"ಏನಪ್ಪಾ ಅದು, ಹಂಗ್ ಕೂಗ್ತೈತೆ?"

"ಲೆಕ್ಕ ಮಾಡ್ತೈತಮ್ಮ."

"ಉತ್ತರ ಯಾವಾಗ ಬತ್ತದೆ?"

"ಉತ್ತರ ಮೊದ್ಲೇ ಗೊತ್ತೈತೆ. ತಾಳೆ ನೋಡ್ತೈತೆ ಅಷ್ಟೇ."

"ಗೊತ್ತಿರೋ ಲೆಕ್ಕ ಮತ್ತ್ಯಾಕ್ ಮಾಡ್ಬೇಕು?"

"ಬಿಸಿಯಾಗ್ಲಿ ಅಂತ."

ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕ್ಯಾಬಿನೆಟ್ಟಿನ ಹಿಂಬದಿಗೆ ಅಂಗೈ ಹಿಡಿದರು. ಬಿಸಿ ಗಾಳಿ. ಮಾತಾಡದೆ ಅಡುಗೆಮನೆಗೆ ಹೋಗಿ ದೋಸೆ ಹಿಟ್ಟಿನ ಪಾತ್ರೆ ತಂದು ಆ ಗಾಳಿಗೆ ಸರಿಯಾಗಿ ಇಟ್ಟರು. ಚಳಿಗಾಲದಲ್ಲಿ ಹೊಸೂರಿನ ಹಿಟ್ಟು ಹುದುಗುವುದಿಲ್ಲ ಅನ್ನುವುದು ಅವರ ಹಳೇ ದೂರು. ಕಂಬಳಿ ಸುತ್ತಿ, ಅಕ್ಕಿ ಡ್ರಮ್ಮಿನೊಳಗೆ ಇಟ್ಟು ಸೋತಿದ್ದರು. ಅಲ್ಲಿಂದ ಪರೀಕ್ಷೆ ನನ್ನ ಕೈತಪ್ಪಿತು. ಒಂದು ಗಂಟೆ ಸಾಕು ಅಂತ ನಿಲ್ಲಿಸಲು ಹೋದರೆ "ಆರಿಸ್ಬೇಡ, ಇನ್ನೂ ಎರಡ್ ಬೆಟ್ಟು ಏರ್ಬೇಕು" ಅಂದರು. ನಾನು ಪರದೆಯಲ್ಲಿ 82 ಡಿಗ್ರಿ ಓದುತ್ತಿದ್ದೆ, ಅವರು ಮುಚ್ಚಳ ತೆಗೆದು ಗುಳ್ಳೆ ಓದುತ್ತಿದ್ದರು. ಬೆಳಗಿನ ಜಾವಕ್ಕೆ ಹಿಟ್ಟು ಮುಚ್ಚಳ ಎತ್ತಿಕೊಂಡು ಕ್ಯಾಬಿನೆಟ್ಟಿನ ಜಾಲರಿಯ ಕಡೆ ಹೊರಟಿತ್ತು. ನಾನು ಹಾರಿ ಎಳೆದುಕೊಂಡೆ. ರಾತ್ರಿಯಿಡೀ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಅಮ್ಮ ದೋಸೆ ಬಾಯಿಗಿಟ್ಟು ಹೇಳಿದರು: "ಹುಳಿ ಒಂಚೂರು ಜಾಸ್ತಿ ಆಯ್ತು. ನಾಳೆ ಸ್ವಲ್ಪ ಮೆಲ್ಲಗೆ ಓಡ್ಸು."

ಮೇ ತಿಂಗಳಲ್ಲಿ ಆ ಕಂಪ್ಯೂಟರನ್ನು ಕೃಷ್ಣಗಿರಿಯ ಅಕ್ಕನ ಮನೆಗೆ ಕೊಟ್ಟೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಕೃಷ್ಣಗಿರಿ ಹೆಚ್ಚುಕಡಿಮೆ ಅದರರ್ಧ, ಹಾಗಾಗಿ ಸೆಕೆ ಹೆಚ್ಚು. ಡಿಸೆಂಬರ್‌ನಲ್ಲಿ 22 ಡಿಗ್ರಿಯ ಕೋಣೆಯಲ್ಲಿ 82 ತೋರಿಸಿದ ಚಿಪ್, 37 ಡಿಗ್ರಿಯ ಕೋಣೆಯಲ್ಲಿ 97 ಮುಟ್ಟಬೇಕು. 95ಕ್ಕೇ ಅದು ವೇಗ ಇಳಿಸಿಕೊಳ್ಳುತ್ತದೆ. ಇಳಿಸಿಕೊಂಡಿತು, ತೆವಳಿತು. "ಮಾಮಾ, ಇದು ಹೊಸೂರಲ್ಲಿ ಮಾತ್ರ ಓಡೋ ಕಂಪ್ಯೂಟರಾ?" ಅಂದ ಅಕ್ಕನ ಮಗ. ನನಗೆ ಸಿಟ್ಟು ಬಂದದ್ದು ವಿಡಿಯೋ ಗುರುಗಳ ಮೇಲೆ. ಬಣ್ಣದ ದೀಪ ಹಚ್ಚಿ, ಏಸಿ ಕೋಣೆಯಲ್ಲಿ ಕೂತು "ಪೂರ್ತಿ ಸೇಫ್" ಅನ್ನುತ್ತಾರೆ. ಕೋಣೆ ಎಷ್ಟು ಡಿಗ್ರಿ ಅಂತ ಒಬ್ಬನೂ ಬಾಯಿ ಬಿಡುವುದಿಲ್ಲ.

ಆದರೂ ಚಿಪ್ಪಿಗೆ ಸಾಕು ಅನ್ನುವ ಒಂದು ಅಂಕಿ, ಆ 95, ಇದೆ. ಡಬಲ್ ಶಿಫ್ಟ್ ಮುಗಿಸಿ ಬೆಳಗ್ಗೆ ಗೇಟು ಹಿಡಿದುಕೊಂಡೇ ಒಳಗೆ ಬರುವ ಪಕ್ಕದ ಮನೆ ಹುಡುಗನ ವಿಷಯದಲ್ಲಿ ಅಂಥ ಅಂಕಿಯನ್ನು ಯಾರೂ ನೋಡುವುದಿಲ್ಲ.

ಹೀಗೆ ವೇಗ ಏರಿಸುವುದನ್ನು, ಅಂದರೆ ಓವರ್‌ಕ್ಲಾಕ್, ನೀವೂ ಮಾಡುವವರಿದ್ದರೆ ಮೊದಲು ಫ್ಯಾನಿನ ಧೂಳು ತೆಗೆಯಿರಿ, ಥರ್ಮಲ್ ಪೇಸ್ಟ್ ಹೊಸದು ಹಚ್ಚಿ, ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ. ವೋಲ್ಟೇಜಿನ ಹತ್ತಿರ ಹುಷಾರು: ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್‌ಗಳು, ಯಾರೂ ಬಯಾಸ್ ಮುಟ್ಟದಿದ್ದರೂ, ಅತಿ ವೋಲ್ಟೇಜಿನಿಂದಲೇ ಹಾಳಾಗುತ್ತಿರುವುದು 2024ರಲ್ಲಿ ಬಯಲಾಯಿತು; ಕಂಪನಿ ಎರಡು ವರ್ಷ ಹೆಚ್ಚು ವಾರಂಟಿ ಕೊಡಬೇಕಾಯಿತು. ಪರೀಕ್ಷೆಯನ್ನು ಡಿಸೆಂಬರ್ ಬಿಟ್ಟು ಮೇ ತಿಂಗಳ ಮಧ್ಯಾಹ್ನ ಮಾಡಿ. ಓವರ್‌ಕ್ಲಾಕ್ ಮಾಡಿ ಸುಟ್ಟ ಚಿಪ್ಪಿಗೆ ಎಎಂಡಿಯವರ ವಾರಂಟಿ ಇಲ್ಲ.