ಪಂಚತಾರಾ ಇಲಿಬೋನು

ನಮ್ಮ ಬೀದಿಯ ಕೊನೆಮನೆಯವರದು ಒಂದು ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಹದಿಮೂರು ಸೀಟು, ಪುಷ್‌ಬ್ಯಾಕ್, ಡ್ಯಾಶ್‌ಬೋರ್ಡಿನ ಮೇಲೆ ಚಾಮುಂಡಿ, ಹಿಂದಿನ ಗಾಜಿನ ಮೇಲೆ ಭುವನೇಶ್ವರಿ. ಬ್ಯಾಂಕಿನ ಕಂತು ಇನ್ನೂ ತೀರಿಲ್ಲವಾದ್ದರಿಂದ ಇಬ್ಬರು ತಾಯಂದಿರೂ ಬೇಕು. 2023ರ ಸೆಪ್ಟೆಂಬರ್ ಕೊನೆಗೆ ಅವರಿಗೊಂದು ಭರ್ಜರಿ ಬಾಡಿಗೆ ಸಿಕ್ಕಿತ್ತು. ಬೆಂಗಳೂರಿನಲ್ಲಿ ಯಾವುದೋ ಕಂಪನಿಯ ಸಮ್ಮೇಳನ. ಅದಕ್ಕೆ ಬಂದ ಅತಿಥಿಗಳನ್ನು ಶುಕ್ರವಾರ ಶ್ರೀರಂಗಪಟ್ಟಣ, ಮೈಸೂರು ಸುತ್ತಿಸಿ ತರಬೇಕು. ಶುಕ್ರವಾರವೆಂದರೆ 29ನೇ ತಾರೀಕು. ಅಂದೇ ಕಾವೇರಿಗಾಗಿ ಕರ್ನಾಟಕ ಬಂದ್. ಮೂರು ದಿನ ಮುಂಚೆಯಷ್ಟೇ ಬೆಂಗಳೂರು ಬಂದ್ ಮುಗಿದಿತ್ತು.

ಅತಿಥಿಗಳು ಪ್ರವಾಸ ಕೈಬಿಟ್ಟರು. ಅಡ್ವಾನ್ಸು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಮಾಲೀಕರು ಗಾಡಿಗೆ ಟಾರ್ಪಾಲು ಹೊದಿಸಿ, ಮುಂದೆ ದೊಡ್ಡದೊಂದು ಹಳದಿ-ಕೆಂಪು ಬಾವುಟ ಕಟ್ಟಿದರು.

‘ಅಭಿಮಾನ ಜೋರಾಗಿದೆ’ ಎಂದೆ.

‘ಇನ್ಶೂರೆನ್ಸು ಸಾರ್’ ಎಂದರು.

2016ರ ಸೆಪ್ಟೆಂಬರ್ 12ರಂದು ಇದೇ ಕಾವೇರಿಯ ಹೆಸರಲ್ಲಿ ಬೆಂಗಳೂರಿನ ಒಂದೇ ಡಿಪೋದಲ್ಲಿ ಹತ್ತಾರು ಬಸ್ಸುಗಳು ಸಾಲಾಗಿ ಉರಿದದ್ದನ್ನು ಅವರು ಮರೆತಿಲ್ಲ. ನೀರಿಗಾಗಿ ನಡೆಯುವ ಹೋರಾಟದಲ್ಲಿ ಬೆಂಕಿಗೆ ಮಾತ್ರ ಎಂದೂ ಕೊರತೆಯಾಗಿಲ್ಲ.

ಹಾಗೆಂದು ಬಂದ್ ಪ್ರವಾಸೋದ್ಯಮದ ಶತ್ರು ಎನ್ನುವುದು ಅನ್ಯಾಯ. ಆ ವಾರದ ಕ್ಯಾಲೆಂಡರ್ ನೋಡಿ: ಗುರುವಾರ ಈದ್ ಮಿಲಾದ್, ಶನಿವಾರ-ಭಾನುವಾರ ವಾರದ ರಜೆ, ಸೋಮವಾರ ಗಾಂಧಿ ಜಯಂತಿ. ನಡುವೆ ಹಲ್ಲು ಬಿದ್ದ ಸಂದಿಯಂತೆ ಉಳಿದಿದ್ದ ಶುಕ್ರವಾರವನ್ನು ಬಂದ್ ತುಂಬಿತು. ಬುಧವಾರ ಸಂಜೆ ಊರು ಬಿಡುವವರ ಕಾರುಗಳಿಂದ ಹೊರವರ್ತುಲ ರಸ್ತೆ ತಾನೇ ಬಂದ್ ಆಯಿತು. ಸ್ವಂತ ಕಾರಿದ್ದವರು ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ಕಾಫಿ ಕುಡಿಯುತ್ತ ಹೋರಾಟಕ್ಕೆ ಬೆಂಬಲ ಸೂಚಿಸಿದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂದ್ ದಿನ 44 ವಿಮಾನಗಳು ರದ್ದಾದವು ನಿಜ. ಆದರೆ ಐವರು ಹೋರಾಟಗಾರರು ಟಿಕೆಟ್ ಖರೀದಿಸಿಯೇ ಬಾವುಟ ಹಿಡಿದು ಒಳಗೆ ಹೋಗಿ ಪೊಲೀಸರ ವಶವಾದರು. ಮುತ್ತಿಗೆ ಹಾಕಲು ಮುಂಗಡ ಬುಕಿಂಗ್ ಮಾಡಿದ ಈ ಶಿಸ್ತಿಗೆ ಪ್ರವಾಸೋದ್ಯಮ ಇಲಾಖೆ ಒಂದು ಹಾರವನ್ನಾದರೂ ಹಾಕಬೇಕಿತ್ತು.

ಟಿಟಿಯವರ ಕೈತಪ್ಪಿದಂಥ ಬಾಡಿಗೆಗೆ ಧಂದೆಯವರು ‘ಮೈಸ್’ ಎನ್ನುತ್ತಾರೆ. ಮೀಟಿಂಗ್, ಇನ್ಸೆಂಟಿವ್, ಕಾನ್ಫರೆನ್ಸ್, ಎಕ್ಸಿಬಿಷನ್: ನಾಲ್ಕರ ಮೊದಲಕ್ಷರ ಜೋಡಿಸಿದರೆ ಇಂಗ್ಲಿಷಿನಲ್ಲಿ ಇಲಿಗಳು. ಹೆಸರಿಗೆ ತಕ್ಕ ಗುಣ. ಎಲ್ಲೋ ಟೈರು ಸುಟ್ಟ ವಾಸನೆ ಬಂದರೂ ಬಿಲ ಸೇರುತ್ತವೆ. 2019ರಲ್ಲಿ ಚಿಲಿ ದೇಶದ ರಾಜಧಾನಿಯಲ್ಲಿ ಮೆಟ್ರೊ ದರ 30 ಪೆಸೊ ಏರಿತೆಂದು ಹೊತ್ತಿಕೊಂಡ ಕಿಚ್ಚಿಗೆ ಎರಡು ಅಂತರರಾಷ್ಟ್ರೀಯ ಸಮಾವೇಶಗಳು ಆ ದೇಶದ ಕೈತಪ್ಪಿದವು. ಅವುಗಳಲ್ಲಿ ಹವಾಮಾನ ಸಮ್ಮೇಳನ ಸಾಗರ ದಾಟಿ ಮ್ಯಾಡ್ರಿಡ್‌ಗೆ ಓಡಿತು.

ರಾಜಕೀಯ ಕುದಿದಷ್ಟೂ ಕೊಬ್ಬುವ ಇಲಿಯ ತಳಿಯೂ ಒಂದುಂಟು: ರೆಸಾರ್ಟ್ ಸೇರುವ ಶಾಸಕರು. ಅದನ್ನು ಸಾಕಿ ಸಲಹುವುದರಲ್ಲಿ ಕರ್ನಾಟಕದ್ದು ಎತ್ತಿದ ಕೈ. 1984ರಲ್ಲಿ ಆಂಧ್ರದ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಪದಚ್ಯುತರಾದಾಗ ಅವರ ಶಾಸಕರಿಗೆ ರಾಮಕೃಷ್ಣ ಹೆಗಡೆಯವರ ಕರ್ನಾಟಕ ಆತಿಥ್ಯ ನೀಡಿತು. 2002ರಲ್ಲಿ ಮಹಾರಾಷ್ಟ್ರದವರು ಬಂದರು. 2017ರಲ್ಲಿ ಗುಜರಾತಿನ 44 ಶಾಸಕರು ಬಿಡದಿಯ ರೆಸಾರ್ಟಿಗೆ ಬಂದರು. ಬಿಡದಿ ತಟ್ಟೆ ಇಡ್ಲಿಗೆ ರಾಷ್ಟ್ರೀಯ ಸ್ಥಾನಮಾನ ಸಿಗಲು ಅಷ್ಟು ಸಾಕಿತ್ತು. ಬರೀ ಆಮದಲ್ಲ, ರಫ್ತೂ ಉಂಟು: 2018ರಲ್ಲಿ ನಮ್ಮವರು ಹೈದರಾಬಾದಿಗೆ, 2019ರಲ್ಲಿ ಮುಂಬೈಗೆ.

ವ್ಯಾಖ್ಯೆಯ ಪ್ರಕಾರ ನೋಡಿದರೂ ಇದು ಅಪ್ಪಟ ಮೈಸ್. ದಿನಕ್ಕೆರಡು ಹೊತ್ತು ಮೀಟಿಂಗ್. ಗೇಟಿನಾಚೆ ಪ್ರೆಸ್ ಕಾನ್ಫರೆನ್ಸ್. ರಾಜ್ಯಪಾಲರ ಮುಂದೆ ತಲೆ ಎಣಿಸಿ ತೋರಿಸುವ ಎಕ್ಸಿಬಿಷನ್. ಇನ್ಸೆಂಟಿವ್ ಒಂದಕ್ಕೆ ಮಾತ್ರ ಯಾರೂ ರಸೀದಿ ಇಟ್ಟುಕೊಳ್ಳುವುದಿಲ್ಲ. ಅಜ್ಜಿಯ ಕಾಲದಲ್ಲಿ ಇಲಿಬೋನಿಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸುತ್ತಿದ್ದರು. ಈಗ ಬೋನಿಗೇ ಐದು ನಕ್ಷತ್ರ, ಈಜುಕೊಳ, ಗಾಲ್ಫ್ ಮೈದಾನ. ಇಲಿ ತಾನಾಗಿಯೇ ಬಂದು ಬಾಗಿಲು ಹಾಕಿಕೊಳ್ಳುತ್ತದೆ.

ಈ ಪ್ರವಾಸಕ್ಕೆ ಯಾವ ವಿಘ್ನವೂ ತಟ್ಟದು. 2020ರ ಮಾರ್ಚಿನಲ್ಲಿ ಕೊರೊನಾ ಬಂದು, ಸಮ್ಮೇಳನ, ಅದ್ದೂರಿ ಮದುವೆ ಎಲ್ಲ ನಿಲ್ಲಿಸಿ ಎಂದು ರಾಜ್ಯ ಸರ್ಕಾರ ಅಪ್ಪಣೆ ಹೊರಡಿಸಿ ವಾರವೂ ಆಗಿರಲಿಲ್ಲ. ಮಧ್ಯಪ್ರದೇಶದ ಶಾಸಕರ ಸಮ್ಮೇಳನ ಬೆಂಗಳೂರಿನ ಅಂಚಿನಲ್ಲಿ ಸಾಂಗವಾಗಿ ನಡೆದೇ ಇತ್ತು. ಅವರನ್ನು ಮಾತಾಡಿಸಲು ಬಂದ ಕಾಂಗ್ರೆಸ್ಸಿನ ದಿಗ್ವಿಜಯ ಸಿಂಗ್ ರಸ್ತೆಯಲ್ಲಿ ಕೂತರು, ಪೊಲೀಸರು ಎಬ್ಬಿಸಿ ಕರೆದೊಯ್ದರು. ಅತ್ತ ಎರಡು ದಿನದಲ್ಲಿ ಮುಖ್ಯಮಂತ್ರಿ ಕಮಲ್ ನಾಥ್ ರಾಜೀನಾಮೆ ಕೊಟ್ಟರು. ಇತ್ತ ಕಲ್ಯಾಣ ಮಂಟಪದವರು ಮದುವೆ ಬುಕಿಂಗ್‌ಗಳ ಮೇಲೆ ಗೀಟು ಎಳೆಯುತ್ತ ಕೂತಿದ್ದರು.

ರದ್ದಾದ ಬುಕಿಂಗಿನ ನೋವು ಏನೆಂದು ಸ್ವತಃ ಉಂಡ ರಾಜಕಾರಣಿಯೂ ಒಬ್ಬರಿದ್ದಾರೆ. 2019ರ ಜುಲೈಯಲ್ಲಿ ಆಗ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಅತೃಪ್ತ ಶಾಸಕರನ್ನು ಕಾಣಲು ಮುಂಬೈಗೆ ಹೋದರು. ಹೋಟೆಲಿನಲ್ಲಿ ಕೋಣೆ ಕಾದಿರಿಸಿದ್ದರು. ತುರ್ತು ಕಾರಣ ಎಂದು ಹೋಟೆಲಿನವರು ಬುಕಿಂಗ್ ರದ್ದು ಮಾಡಿದರು. ನಿಷೇಧಾಜ್ಞೆ, ಮಳೆ, ಮುಚ್ಚಿದ ಗೇಟು. ಕೊನೆಗೆ ಪೊಲೀಸ್ ವಾಹನ. ಬಂದ್ ದಿನ ಮೆಜೆಸ್ಟಿಕ್‌ನಲ್ಲಿ ಸೂಟ್‌ಕೇಸಿನ ಮೇಲೆ ಕೂತ ಪ್ರವಾಸಿಗನಿಗೆ ಅವರಿಗಿಂತ ಹತ್ತಿರದ ಬಂಧು ವಿಧಾನಸೌಧದಲ್ಲಿ ಇನ್ನೊಬ್ಬರಿರಲಾರರು.

ಇದನ್ನೆಲ್ಲ ಹೇಳಿದಾಗ ಟಿಟಿ ಮಾಲೀಕರ ಕಣ್ಣರಳಿತು.

‘ಸಾರ್, ಮುಂದಿನ ಸಲ ಯಾವ್ದಾದ್ರೂ ಸರ್ಕಾರ ಅಲ್ಲಾಡೋ ಹಾಗಿದ್ರೆ ಒಂದ್ ಮಾತು ಹೇಳಿ. ಎಸಿ ಇದೆ, ಕರ್ಟನ್ ಇದೆ, ಒಳಗಿದ್ದೋರು ಹೊರಗೆ ಕಾಣಲ್ಲ.’ ಒಂದು ಕ್ಷಣ ತಡೆದು, ‘ಆದ್ರೆ ದಾರೀಲೇ ಮನಸ್ಸು ಬದಲಾಯಿಸಿ ಟ್ರಿಪ್ ಕ್ಯಾನ್ಸಲ್ ಮಾಡಿದ್ರೆ, ಅಡ್ವಾನ್ಸ್ ವಾಪಸ್ ಕೊಡ್ಬೇಕಾ?’ ಎಂದರು.

ಆ ವ್ಯವಹಾರದಲ್ಲಿ ಅಡ್ವಾನ್ಸ್ ವಾಪಸ್ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ ಎಂದೆ.